ಒಡೆಯನ ಬೆನ್ನು ಹತ್ತಿ ಸಿದ್ದಿಗಳ ಹೆಸರು ಹುಡುಕಿದ್ದು

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದರೆಂದು ಎಲ್ಲರೂ ಬರೆಯುತ್ತಾರೆ. ಹಾಗೆ ಬಂದ ಒಬ್ಬರ ಹೆಸರು ಹೇಳಿ ಎಂದರೆ ಮಾತಿಲ್ಲ. ‘ಅವರ ಇತಿಹಾಸ ಡಮಾಮಿ ಕುಣಿತದಲ್ಲಿದೆ, ಕಾಗದದಲ್ಲಿ ಏನು ಹುಡುಕುತ್ತೀರಿ’ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಈಗ ನನ್ನ ವಹಿಯಲ್ಲಿ ಸುಮಾರು 140 ಹೆಸರುಗಳಿವೆ.

ಮೊದಲ ಎರಡು ವರ್ಷ ದಂಡ. ಪಣಜಿಯ ಪತ್ರಾಗಾರದಲ್ಲಿ ಎಲ್ಲರಂತೆ ನಾನೂ ಲಿಸ್ಬನ್ ಜೊತೆಗಿನ ಪತ್ರವ್ಯವಹಾರದ ಸಂಪುಟಗಳಿಗೇ ಕೈಹಾಕಿದೆ. ನಾನು ತೆರೆದ ಪುಟಗಳಲ್ಲಿ ಗುಲಾಮರಿಗೆ ಲೆಕ್ಕವಿತ್ತು, ಹೆಸರಿರಲಿಲ್ಲ. ಪ್ರತಿ ಮಾಡಿಸಲು 11 ಸಾವಿರ, ಬಸ್ಸು, ವಸತಿಗೆ ಅದರ ಮೂರು ಪಟ್ಟು ಹೋಯಿತು. ‘ನೆಗ್ರು’, ಅಂದರೆ ಕರಿಯ, ಎಂದು ಕಂಡಲ್ಲೆಲ್ಲ ಆಫ್ರಿಕಾದವರೆಂದು ಗುರುತು ಹಾಕಿದ್ದೆ. ಪೋರ್ಚುಗೀಸರು ಇಲ್ಲಿನವರನ್ನೂ ಹಾಗೆಯೇ ಕರೆಯುತ್ತಿದ್ದರೆಂದು ತಿಳಿದಾಗ ಅರ್ಧ ವಹಿ ಹರಿದುಹಾಕಿದೆ.

ಆಮೇಲೆ ಆಳನ್ನು ಹುಡುಕುವುದು ಬಿಟ್ಟು ಒಡೆಯನ ಬೆನ್ನು ಹತ್ತಿದೆ. ಅವನ ಉಯಿಲು, ಸತ್ತ ಮೇಲಿನ ಆಸ್ತಿಪಟ್ಟಿ, ಅವನು ಕೊಟ್ಟ ಬಿಡುಗಡೆ ಪತ್ರ, ಅವನ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ, ಈ ನಾಲ್ಕನ್ನೂ ಒಟ್ಟಿಗೆ ಓದಬೇಕು. ಯಾವುದರಿಂದ ಶುರುಮಾಡಬೇಕೆಂಬುದು ನನ್ನ ಗುಟ್ಟು. ಮೂರು ವರ್ಷದ ದುಡಿಮೆ ಅದು. ಶಾಯಿ ಹಾಳೆಯನ್ನೇ ತಿಂದುಹಾಕಿದ್ದರೆ ಕೆಳಗೊಂದು ಬಿಳಿ ಕಾಗದ ಸರಿಸಿ, ತೂತಿನಲ್ಲಿ ಇಣುಕುವ ಕೆಳಗಿನ ಹಾಳೆಯ ಅಕ್ಷರ ಮರೆಯಾಗುತ್ತದೆ.

ಒಂದು ಬಿಡುಗಡೆ ಪತ್ರದಲ್ಲಿ ಮೊಜಾಂಬಿಕ್‌ನ ಹೆಂಗಸೊಬ್ಬಳಿದ್ದಳು. ‘ದೇವರ ಪ್ರೀತಿಗಾಗಿ’ ಅವಳನ್ನು ಬಿಟ್ಟಿದ್ದರು, ಮಗನನ್ನು ಬಿಟ್ಟಿರಲಿಲ್ಲ. ಮೂರನೆಯ ದಿನ ಅದೇ ಒಡೆಯನ ಆಸ್ತಿಪಟ್ಟಿಯಲ್ಲಿ ಹುಡುಗ ಸಿಕ್ಕಿದ. ಮೇಲಿನ ಸಾಲಿನಲ್ಲಿ ತಾಮ್ರದ ಹಂಡೆ, ಕೆಳಗಿನದರಲ್ಲಿ ಮುರಿದ ಮಂಚ, ನಡುವೆ ಅವನ ಹೆಸರು, ವಯಸ್ಸು ಎಂಟು, ಬೆಲೆ. ಅವತ್ತು ಮುಂದೆ ಓದಲಾಗದೆ ಎದ್ದು ಹೊರಗೆ ಬಂದೆ.

ಈ ನಡುವೆ ಹಳಿಯಾಳದ ಕ್ರೈಸ್ತ ಸಿದ್ದಿಗಳ ಮನೆತನದ ಹೆಸರುಗಳನ್ನು ಪಟ್ಟಿಗೆ ಹೊಂದಿಸಿ ನೋಡಲು ಹೋಗಿ ಒಂದು ಬೇಸಿಗೆ ಕಳೆದೆ. ಪಾದ್ರಿಗಳು ಎಲ್ಲರಿಗೂ ಅದೇ ಹತ್ತಿಪ್ಪತ್ತು ಹೆಸರು ಇಟ್ಟಿದ್ದರಿಂದ ಏನೂ ಗಿಟ್ಟಲಿಲ್ಲ.

ಗಿಟ್ಟಿದ್ದು ಪುಟದ ಅಂಚಿನಲ್ಲಿ. ಹದಿನೇಳು ಹೆಸರುಗಳ ಪಕ್ಕ ‘ಫುಜಿಯು’ ಎಂದಿದೆ, ಅಂದರೆ ಓಡಿಹೋದ. ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರೆಂದು ಸಿದ್ದಿ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹಾಗಾಗಿ ಆ ಹದಿನೇಳನ್ನು ಇಲ್ಲಿ ಬರೆಯುವುದಿಲ್ಲ. ಮಳೆ ನಿಂತ ಮೇಲೆ ಯಲ್ಲಾಪುರದ ಸಿದ್ದಿ ಕೇರಿಗೆ ಹೋಗಿ ಮೊದಲು ಅಲ್ಲಿ ಓದುತ್ತೇನೆ.