ನೊಣದ ಕಣ್ಣಲ್ಲಿ ಪಿಪ್-ಟೂ ಅಳೆಯಬೇಕಾದರೆ ಮೊದಲು ಕತ್ತಲೆ ಬೇಕು: ನನ್ನ ಅನುಭವ

ರೆಟಿನಾ ಮೇಲೆ ಕೆಲಸ ಅಂದ್ರೆ ಎಲ್ಲರೂ ಕಣ್ಣಾಸ್ಪತ್ರೆ ಅಂದುಕೊಳ್ಳುತ್ತಾರೆ. ನಾನು ಮಾಡಿದ್ದು ಹಣ್ಣಿನ ನೊಣದ ಕಣ್ಣಿನ ಮೇಲೆ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಕೊಳೆತ ಬಾಳೆಹಣ್ಣಿಗೆ ಮುತ್ತುತ್ತದಲ್ಲ, ಅದೇ ಡ್ರೋಸೋಫಿಲಾ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವಾಗಲೇ ನೊಣ ಸಾಕುವುದು ಕೈಗೆ ಹತ್ತಿತ್ತು (ಅಲ್ಲಿ ಡ್ರೋಸೋಫಿಲಾ ಸ್ಟಾಕ್ ಸೆಂಟರೇ ಇದೆ). ಲಿಪಿಡ್ (ಕೊಬ್ಬಿನ ಜಾತಿಯ ಅಣು) ಕೆಲಸ ಮಾತ್ರ ಪೂರ್ತಿ ಹೊಸದು.

ವಿಷಯ ಇಷ್ಟು. ಬೆಳಕು ಬಿದ್ದಾಗ ಅದನ್ನು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೊಟೀನು, ಸುದ್ದಿ ಮುಟ್ಟಿಸುವ ಜಿ-ಪ್ರೊಟೀನನ್ನು ಎಬ್ಬಿಸುತ್ತದೆ, ಅದು ಫಾಸ್ಫೋಲೈಪೇಸ್-ಸಿ ಅನ್ನೋ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಪೊರೆಯಲ್ಲಿರುವ ಪಿಪ್-ಟೂ ಎಂಬ ಲಿಪಿಡನ್ನು ಕತ್ತರಿಸಿ ಹಾಕುತ್ತದೆ. ಆಗ ಪೊರೆಯಲ್ಲಿರುವ ಟಿಆರ್‌ಪಿ ಚಾನೆಲ್ ಎಂಬ ಬಾಗಿಲುಗಳು ತೆರೆದು ಕ್ಯಾಲ್ಸಿಯಂ, ಸೋಡಿಯಂ ಒಳಗೆ ನುಗ್ಗುತ್ತವೆ. ಹೇಗೆ ತೆರೆಯುತ್ತವೆ ಅನ್ನೋದು ಇನ್ನೂ ಜಗಳದ ವಿಷಯ. ಪಿಪ್-ಟೂ ಕತ್ತರಿಸಿದಾಗ ಪೊರೆಯೇ ಕುಗ್ಗುತ್ತದೆ ಎಂದು 2012ರಲ್ಲಿ ಹಾರ್ಡಿ ಮತ್ತು ಫ್ರಾನ್ಜ್ ಎಂಬ ವಿಜ್ಞಾನಿಗಳು ತೋರಿಸಿದರು, ನನಗೆ ಅದು ಒಪ್ಪಿಗೆ, ಆದರೆ ಅದೊಂದೇ ಕಾರಣ ಅಂತ ಅನಿಸುವುದಿಲ್ಲ. ನಮ್ಮ ಕಣ್ಣಿನ ರಾಡ್, ಕೋನ್ ಕೋಶಗಳು ಈ ದಾರಿ ಹಿಡಿಯುವುದಿಲ್ಲ, ಅಲ್ಲಿ ಚಾನೆಲ್‌ಗೆ ಸುದ್ದಿ ಮುಟ್ಟಿಸುವುದು ಸೈಕ್ಲಿಕ್ ಜಿಎಂಪಿ ಎಂಬ ಬೇರೆ ಅಣು. ಹಾಗಂತ ಇದು ಸುಮ್ನೆ ನೊಣದ ಕಥೆ ಅಲ್ಲ. ಹಗಲು ರಾತ್ರಿಯ ಲೆಕ್ಕ ಇಡುವ ಮೆಲನಾಪ್ಸಿನ್ ಕೋಶಗಳು ಇಲಿಯ ರೆಟಿನಾದಲ್ಲೂ ಇದೇ ಫಾಸ್ಫೋಲೈಪೇಸ್-ಸಿ ದಾರಿಯನ್ನೇ ಬಳಸುತ್ತವೆ.

ಪಿಪ್-ಟೂ ಪೊರೆಯಲ್ಲಿ ಇರುವುದೇ ಚೂರು. ಜೋರು ಬೆಳಕಲ್ಲಿ ಬೇಗ ಖಾಲಿಯಾಗುತ್ತದೆ. ಟೆರೇಸಿನ ಟ್ಯಾಂಕ್ ಚಿಕ್ಕದಿದ್ದರೆ ಮೋಟಾರು ಬಿಡದೆ ಓಡಬೇಕಲ್ವಾ, ಹಾಗೆ ಕೋಶ ತುಂಬಿಸುತ್ತಲೇ ಇರಬೇಕು. ತುಂಬಿಸಲು ಕಚ್ಚಾವಸ್ತುವನ್ನು ಕೋಶದೊಳಗಿನ ಪೊರೆಜಾಲವಾದ ಇಆರ್‌ನಿಂದ ಹೊರಪೊರೆಗೆ ಸಾಗಿಸುವುದು ಆರ್‌ಡಿಜಿ-ಬಿ ಎಂಬ ಪ್ರೊಟೀನು. ಅದು ಕೆಟ್ಟ ನೊಣಗಳ ಕಣ್ಣು ಬೆಳಕಲ್ಲಿಟ್ಟರೆ ಬೇಗ ಸಾಯುತ್ತದೆ, ಕತ್ತಲಲ್ಲಿಟ್ಟರೆ ನಿಧಾನ. ಅಂಥ ನೊಣದಲ್ಲಿ ಪಿಪ್-ಟೂ ಎಷ್ಟು ಬೇಗ ಮರಳುತ್ತದೆ ಅನ್ನೋದೇ ನನ್ನ ಪ್ರಶ್ನೆಯಾಗಿತ್ತು.

ಶುರು ಮಾಡಿದ್ದು ಇಆರ್‌ಜಿಯಿಂದ, ಅಂದ್ರೆ ಬೆಳಕಿಗೆ ಕಣ್ಣು ಕೊಡುವ ವಿದ್ಯುತ್ ಸಂಕೇತ ಅಳೆಯುವುದರಿಂದ. ಪಿಪೆಟ್ ಟಿಪ್ ತುದಿ ಕತ್ತರಿಸಿ, ನೊಣದ ತಲೆ ಮಾತ್ರ ಹೊರಗೆ ಬರುವಂತೆ ತೂರಿಸಿ, ನೈಲ್ ಪಾಲಿಶ್ ಹಚ್ಚಿ ಅಲ್ಲಾಡದಂತೆ ಮಾಡುತ್ತಿದ್ದೆ. ಶೇ. 0.8 ಉಪ್ಪುನೀರು ತುಂಬಿದ ಗಾಜಿನ ಎಲೆಕ್ಟ್ರೋಡ್ ಒಂದು ಕಣ್ಣಿನ ಮೇಲೆ, ಇನ್ನೊಂದು ಎದೆಯ ಮೇಲೆ. ಕಣ್ಣಿಗೆ ತಾಗಬೇಕು ಅಷ್ಟೇ, ಚುಚ್ಚಬಾರದು. 5 ನಿಮಿಷ ಕತ್ತಲೆ, ಆಮೇಲೆ 2 ಸೆಕೆಂಡು ಹಸಿರು ಎಲ್‌ಇಡಿ. ಕಣ್ಣಿನ ಬಣ್ಣ ಮರೆಯಬೇಡಿ: ಬಿಳಿ ಕಣ್ಣಿನ ನೊಣಕ್ಕೆ ಟ್ರಾನ್ಸ್‌ಜೀನ್ (ಹೊರಗಿನ ಜೀನ್) ಸೇರಿಸಿದರೆ ಅದರ ಜೊತೆ ಬರುವ ಮಿನಿ-ವೈಟ್ ಎಂಬ ಕಣ್ಣಿನ ಬಣ್ಣದ ಜೀನ್‌ನಿಂದ ಕಣ್ಣು ಕಿತ್ತಳೆಗೆ ತಿರುಗುತ್ತದೆ, ಒಳಗೆ ಹೋಗುವ ಬೆಳಕೇ ಬೇರೆಯಾಗುತ್ತದೆ, ಕಂಟ್ರೋಲ್ ಜೊತೆ ಹೋಲಿಸಲು ಆಗುವುದಿಲ್ಲ.

ಆದರೆ ಇಆರ್‌ಜಿ ಹೇಳುವುದು ಕೊನೆಯ ಫಲ ಮಾತ್ರ. ಸಂಕೇತದ ಎತ್ತರ ಕಡಿಮೆ ಬಂದರೆ ಲಿಪಿಡ್ ಕಡಿಮೆಯೋ, ಚಾನೆಲ್ ಕಡಿಮೆಯೋ, ಕಣ್ಣೇ ಹಾಳಾಗಿದೆಯೋ, ಏನೂ ಗೊತ್ತಾಗಲ್ಲ. ಅದಕ್ಕೇ ಪಿಪ್-ಟೂಗೆ ಅಂಟುವ ಪಿಎಚ್ ಎಂಬ ಪ್ರೊಟೀನ್ ತುಣುಕಿಗೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೊಟೀನು) ಜೋಡಿಸಿದ ಪ್ರೋಬ್ ಇರುವ ನೊಣಗಳನ್ನು ತೆಗೆದುಕೊಂಡೆ. ಕಣ್ಣಿನ ಹಲವು ಒಮ್ಯಾಟಿಡಿಯಗಳ (ನೊಣದ ಕಣ್ಣನ್ನು ಕಟ್ಟುವ ಪುಟ್ಟ ಕಣ್ಣುಗಳು) ಹೊಳಪು ಒಂದರ ಮೇಲೊಂದು ಬಿದ್ದು ಏಳು ಚುಕ್ಕೆ ಕಾಣುತ್ತವೆ, ಅದಕ್ಕೆ ಸೂಡೋಪ್ಯೂಪಿಲ್ ಅಂತಾರೆ. ಪಿಪ್-ಟೂ ಇಳಿದರೆ ಚುಕ್ಕೆ ಮಂಕಾಗುತ್ತದೆ. ಜೀವಂತ ನೊಣದಲ್ಲೇ, ಕೊಯ್ಯದೆ ನೋಡಬಹುದು!

ಪೇಚಾಟ ಇರುವುದು ಇಲ್ಲೇ. ಜಿಎಫ್‌ಪಿ ನೋಡಲು ನೀಲಿ ಬೆಳಕು ಬೇಕು, ಆ ನೀಲಿಯೇ ರೊಡಾಪ್ಸಿನ್‌ಗೆ ತಾಗಿ ಪಿಪ್-ಟೂ ಖರ್ಚು ಮಾಡುತ್ತದೆ. ಅಂದ್ರೆ ಪ್ರತಿ ಫೋಟೋ ತೆಗೆದಾಗಲೂ ನೀವು ಅಳೆಯುತ್ತಿರುವುದನ್ನೇ ಕಳೆಯುತ್ತೀರಿ. ಮಿಲಿಸೆಕೆಂಡುಗಳ ಫ್ಲ್ಯಾಶ್ ಕೊಟ್ಟು ತಕ್ಷಣ ತೆಗೆದ ಚಿತ್ರ ಮಾತ್ರ ಮೊದಲಿದ್ದ ಸ್ಥಿತಿಯನ್ನು ತೋರಿಸುತ್ತದೆ. ಆಮೇಲೆ ಕಿತ್ತಳೆ-ಕೆಂಪು ಬೆಳಕು ಕೊಟ್ಟು ಮೆಟಾರೊಡಾಪ್ಸಿನ್ನನ್ನು (ಬೆಳಕು ತಾಗಿ ಬದಲಾದ ರೊಡಾಪ್ಸಿನ್) ರೊಡಾಪ್ಸಿನ್‌ಗೆ ಮರಳಿಸಿ, ಕತ್ತಲಲ್ಲಿ ಕಾಯ್ದು, ಮುಂದಿನ ಫ್ಲ್ಯಾಶ್. ಹೀಗೆ ಅಂತರ ಬದಲಿಸುತ್ತಾ ಹೋದರೆ ತುಂಬುವ ವೇಗ ಸಿಗುತ್ತದೆ. ಆರ್‌ಡಿಜಿ-ಬಿ ಕೆಟ್ಟ ನೊಣದಲ್ಲಿ ಚುಕ್ಕೆ ಮರಳುವುದು ನಿಧಾನ, ಅದು ಸ್ಪಷ್ಟವಾಗಿಯೇ ಕಂಡಿತು. ವಯಸ್ಸು ಒಂದು ದಿನ ದಾಟದ, ಕತ್ತಲಲ್ಲೇ ಬೆಳೆದ ನೊಣಗಳನ್ನೇ ಬಳಸಿದೆ. ಇಲ್ಲದಿದ್ದರೆ ನೋಡುತ್ತಿರುವುದು ಸಿಗ್ನಲಿಂಗೋ, ಸಾಯುತ್ತಿರುವ ಕಣ್ಣೋ ಅಂತ ಯಾರಾದರೂ ಕೇಳಿದರೆ ಉತ್ತರ ಇರಲ್ಲ.

ಪ್ರೋಬ್ ಕೊಡುವುದು ಹೊಳಪು, ಲಿಪಿಡಿನ ಪ್ರಮಾಣ ಅಲ್ಲ. ಪ್ರಮಾಣಕ್ಕೆ ಬೇಕಾದ್ದು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ ಯಂತ್ರ. ಕೆಂಪು ಬೆಳಕಲ್ಲೇ ನೊಣಗಳನ್ನು ದ್ರವ ಸಾರಜನಕಕ್ಕೆ ಹಾಕಿ, ತಲೆ ಬೇರ್ಪಡಿಸಿ, ಆಮ್ಲ ಬೆರೆಸಿದ ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಅರೆಯಬೇಕು. ಆಮ್ಲ ಬಿಟ್ಟರೆ ಪಿಪ್-ಟೂ ನೀರಿನ ಪದರದಲ್ಲೇ ಉಳಿದುಬಿಡುತ್ತದೆ. ಆಮೇಲೆ ಟಿಎಂಎಸ್-ಡಯಾಜೋಮೀಥೇನ್ ಹಾಕಿ ಫಾಸ್ಫೇಟುಗಳಿಗೆ ಮಿಥೈಲ್ ಕಟ್ಟುತ್ತೇವೆ. ಆ ರಾಸಾಯನಿಕ ಉಸಿರಲ್ಲಿ ಹೋದರೆ ಪ್ರಾಣಕ್ಕೇ ಕುತ್ತು, ಫ್ಯೂಮ್ ಹುಡ್ (ವಿಷಗಾಳಿ ಹೀರುವ ಗೂಡು) ಬಿಟ್ಟು ಮುಚ್ಚಳ ಸಹ ತೆಗೆಯಬೇಡಿ. ಹೋಲಿಸಲು ಸ್ಟ್ಯಾಂಡರ್ಡ್ ಆಗಿ ನೊಣದಲ್ಲಿ ಇಲ್ಲದ ಕೊಬ್ಬಿನಾಮ್ಲ ಸರಪಳಿಯ ಪಿಪ್-ಟೂ ಸೇರಿಸಬೇಕು, ಇದು ಸುಲಭ, ಯಾಕಂದ್ರೆ ನೊಣದಲ್ಲಿ 16, 18 ಇಂಗಾಲದ ಕೊಬ್ಬಿನಾಮ್ಲಗಳೇ ಜಾಸ್ತಿ. ನಮ್ಮ ರಾಡ್ ಕೋಶಗಳಲ್ಲಿ ತುಂಬಿರುವ ಡಿಎಚ್ಎ ಎಂಬ ಉದ್ದ ಸರಪಳಿಯ ಕೊಬ್ಬಿನಾಮ್ಲ ಇಲ್ಲಿ ಸಿಗಲ್ಲ.

ಇಡೀ ತಲೆ ಅರೆದರೆ ಬರುವುದು ಮಿದುಳೂ ಸೇರಿದ ಸರಾಸರಿ ಅನ್ನೋದು ನೆನಪಿರಲಿ. ಅದಕ್ಕೇ ನಾನು ಪ್ರೋಬ್, ಮಾಸ್ ಸ್ಪೆಕ್ ಎರಡೂ ಅಳತೆಗಳನ್ನು ಒಟ್ಟಿಗೇ ಇಟ್ಟುಕೊಂಡು ನೋಡುತ್ತಿದ್ದೆ. ಎರಡೂ ಒಂದೇ ದಿಕ್ಕಿಗೆ ಹೋಗದಿದ್ದರೆ, ಸಾಗಾಟ ಕೆಟ್ಟಿದೆ ಅಂತ ಬರೆಯುವ ಮುಂಚೆ ಆ ಬ್ಯಾಚಿನ ನೊಣಗಳು ಎಲ್ಲಿದ್ದವು, ಎಷ್ಟು ಬೆಳಕು ಕಂಡಿದ್ದವು ಅಂತ ವಯಲ್ ಮೇಲಿನ ಚೀಟಿ ಹುಡುಕುತ್ತಿದ್ದೆ.