ಹಿಂದಿನ ನಾಲ್ಕು ಪ್ಲಗ್: 2007ರ ಹೋಂಡಾ ಸಿಟಿ ಝಡ್‌ಎಕ್ಸ್ ಜೊತೆ ನನ್ನ ಅನುಭವ

ಇಂಜಿನ್ನಿನಲ್ಲಿ ಎಂಟು ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಹೊತ್ತಿಸುವ ಭಾಗ) ಇರುವ ಕಾರು ತಗೋಬೇಡ ಅಂತ ನನಗೆ ಹೇಳಿದವರು ಕಡಿಮೆ ಅಂದ್ರೂ ಆರು ಜನ. ಅದರಲ್ಲಿ ಇಬ್ಬರು ಮೆಕ್ಯಾನಿಕ್‌ಗಳು. ಈಗ ಆ ಕಾರು ನನ್ನ ಕೈಗೆ ಬಂದು ಎರಡು ವರ್ಷ ಆಯಿತು. ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ. ಒಂದೇ ಒಂದು ಸಲ ಬಿಟ್ಟರೆ ದಾರಿಯಲ್ಲಿ ಕೈ ಕೊಟ್ಟಿಲ್ಲ, ಆ ಒಂದು ಸಲವೂ ತಪ್ಪು ಕಾರಿನದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಓಡಾಟ ಮೈಸೂರಿನ ವಿಜಯನಗರದಿಂದ ನಂಜನಗೂಡು ಇಂಡಸ್ಟ್ರಿಯಲ್ ಏರಿಯಾಕ್ಕೆ. ರಿಂಗ್ ರೋಡ್ ಹಿಡಿದರೆ ಒಂದು ಕಡೆಗೆ 27 ಕಿ.ಮೀ. ಇರಬಹುದು. ಶಿಫ್ಟ್ ಕೆಲಸ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಬೈಕ್ ಓಡಿಸಿ ಓಡಿಸಿ ಸಾಕಾಗಿತ್ತು. ಜೊತೆಗೆ ಅದೇ ಶಿಫ್ಟಿನ ಇಬ್ಬರು ಪೆಟ್ರೋಲ್ ಹಂಚಿಕೊಂಡು ಬರಲು ತಯಾರಿದ್ದರು. ಮೂರು ಜನ, ಬ್ಯಾಗು, ಊಟದ ಡಬ್ಬಿ ಅಂದ್ರೆ ಡಿಕ್ಕಿ ಇರುವ ಕಾರೇ ಬೇಕು. ಹೊಸದು ತಗೋ ಅಂದರು ಮನೆಯಲ್ಲಿ. ಆರು ಲಕ್ಷ ಸಾಲ ಮಾಡಿದರೆ ಏಳು ವರ್ಷ ತಿಂಗಳಿಗೆ ಹತ್ತಿರ ಹತ್ತು ಸಾವಿರ ಕಂತು. ಅದು ಬೇಡ ಅಂತ ತೀರ್ಮಾನ ಮಾಡಿದೆ. ಕಾರು, ರಿಪೇರಿ ಎಲ್ಲಾ ಸೇರಿ ಎರಡು ಲಕ್ಷ, ಅದಕ್ಕಿಂತ ಜಾಸ್ತಿ ಇಲ್ಲ ಅಂತ ಲೆಕ್ಕ ಹಾಕಿಕೊಂಡೆ.

ಮೊದಲ ಪೆಟ್ಟು ಒಂದು ಆಕ್ಸೆಂಟ್‌ನಲ್ಲಿ ಬಿತ್ತು. ಗಾಡಿ ಚೆನ್ನಾಗಿತ್ತು. ಬ್ರೋಕರ್ ಮಾತಿನ ಮೇಲೆ ಐದು ಸಾವಿರ ಅಡ್ವಾನ್ಸ್ ಕೊಟ್ಟೆ. ಆಮೇಲೆ ನೋಡಿದರೆ ಆರ್‌ಸಿಯಲ್ಲಿ ಹಳೇ ಸಾಲದ ಹೈಪೋಥಿಕೇಶನ್ (ಸಾಲಕ್ಕೆ ಕಾರು ಅಡವಿದೆ ಅನ್ನೋ ನಮೂದು) ಇನ್ನೂ ಹಾಗೇ ಇದೆ. ಓನರ್ ತೀರಿಕೊಂಡಿದ್ದಾರೆ, ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿ ಯಾರ ಹತ್ತಿರವೂ ಇಲ್ಲ. ಐದು ಸಾವಿರ ವಾಪಸ್ ಬರಲೇ ಇಲ್ಲ. ಅಲ್ಲಿಂದ ಮುಂದೆ ನಂಬರ್ ಪ್ಲೇಟ್ ನೋಡಿದ ತಕ್ಷಣ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡುವುದು, ಟ್ರಾಫಿಕ್ ದಂಡ ಎಷ್ಟಿದೆ ಅಂತ ನೋಡುವುದು, ಆಮೇಲೆ ಮಾತ್ರ ಬಾನೆಟ್ ಎತ್ತುವುದು. ಡೆಲ್ಲಿ ಗಾಡಿಗಳನ್ನು ಪೂರ್ತಿ ಬಿಟ್ಟೆ. ಅಲ್ಲಿ ಪೆಟ್ರೋಲ್ ಕಾರು ಹದಿನೈದು ವರ್ಷ ದಾಟಿದರೆ ಓಡಿಸುವಂತಿಲ್ಲ ಅನ್ನೋ ಕಾಟ ಇದ್ದದ್ದರಿಂದ ರೇಟು ಕಮ್ಮಿ ಸಿಗುತ್ತಿತ್ತು, ನಿಜ. ಆದರೆ ಇಲ್ಲಿ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸುವಷ್ಟರಲ್ಲಿ ಆ ಉಳಿತಾಯ ಎಲ್ಲಾ ಹೋಗುತ್ತೆ.

ಒಟ್ಟು ಹನ್ನೊಂದೋ ಹನ್ನೆರಡೋ ಕಾರು ನೋಡಿದ್ದೇನೆ. ಬೆಂಗಳೂರಿನಿಂದ ಬಂದಿದ್ದ ಒಂದು ಬಿಳಿ ಸೆಡಾನ್ ತುಂಬಾ ಇಷ್ಟ ಆಗಿತ್ತು. ಒಳಗೆ ಘಮ ಘಮ ಪರ್ಫ್ಯೂಮ್, ಹೊಸ ಸೀಟ್ ಕವರ್. ಡ್ರೈವರ್ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ದಿನಾ ಹಾಕುವಾಗ ಹೊರಗೆ ಬರುವ ಭಾಗ ಸ್ವಚ್ಛ. ಅದರ ಮುಂದಿನ ಒಂದು ಮೊಳ, ಯಾವತ್ತೂ ಹೊರಗೆ ಬರದ ಭಾಗದಲ್ಲಿ, ಕೆಮ್ಮಣ್ಣಿನ ಗೆರೆ. ಸೀಟಿನ ಕೆಳಗಿನ ರೈಲಿನಲ್ಲಿ ತುಕ್ಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರೋಡ್ ಕಡೆ ಕಾರುಗಳು ಮುಳುಗಿದ್ದು ಎಲ್ಲರಿಗೂ ಗೊತ್ತಲ್ವಾ? ಅದರಲ್ಲಿ ಒಂದು ಅಂತ ನನಗೆ ಅನಿಸಿತು. ಏನೂ ಹೇಳದೆ ಬಂದುಬಿಟ್ಟೆ.

ಆಮೇಲೆ ಸಿಕ್ಕಿದ್ದು ಈ ಸಿಟಿ. 2007ರ ಝಡ್‌ಎಕ್ಸ್, ಐ-ಡಿಎಸ್‌ಐ ಅನ್ನೋ ಎಂಟು ಪ್ಲಗ್ಗಿನ ಇಂಜಿನ್, ಮ್ಯಾನುಯಲ್ ಗೇರ್. ಕೆಎ 09, ಮೊದಲ ಓನರ್. 2022ರಲ್ಲಿ ಎಫ್‌ಸಿ (ಹದಿನೈದು ವರ್ಷ ಆದ ಕಾರಿನ ಫಿಟ್ನೆಸ್ ಪರೀಕ್ಷೆ) ಮಾಡಿಸಿದ್ದರು, ಆರ್‌ಸಿ 2027ರವರೆಗೆ ಇತ್ತು. ಮೀಟರಿನಲ್ಲಿ ಒಂದು ಲಕ್ಷ ಹನ್ನೆರಡು ಸಾವಿರ. ಕೇಳಿದ್ದು ಒಂದು ಎಪ್ಪತ್ತು. ಆದರೆ ಮೂರು ತಿಂಗಳಿಂದ ಯಾರೂ ತಗೊಂಡಿರಲಿಲ್ಲ. ಸೆಕೆಂಡ್ ಗೇರಿನಲ್ಲಿ ಸ್ವಲ್ಪ ಲೋಡ್ ಕೊಟ್ಟರೆ ಜರ್ಕ್, ಎಳೆತ ಇಲ್ಲ, ಮೈಲೇಜ್ ಹತ್ತೂ ಬರಲ್ಲ. ಇಂಜಿನ್ ಹೋಗಿದೆ ಅಂತ ಒಬ್ಬರು, ಗೇರ್‌ಬಾಕ್ಸ್ ಅಂತ ಇನ್ನೊಬ್ಬರು.

ನಾನು ಕೇಳಿದ್ದು ಹಳೇ ಬಿಲ್ಲುಗಳನ್ನು. ಪುಣ್ಯಕ್ಕೆ ಆ ಮನೆಯವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲಾ ಇಟ್ಟಿದ್ದರು. ಮೂರು ಬಿಲ್ಲುಗಳಲ್ಲಿ ಪ್ಲಗ್ ಬದಲಾಯಿಸಿದ ಲೆಕ್ಕ ಇತ್ತು. ಮೂರರಲ್ಲೂ ಸಂಖ್ಯೆ ನಾಲ್ಕು. ಈ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್, ಒಟ್ಟು ಎಂಟು. ಮುಂದಿನ ನಾಲ್ಕು ಕೈಗೆ ಸಿಗುತ್ತವೆ. ಹಿಂದಿನ ನಾಲ್ಕಕ್ಕೆ ವೈಪರ್ ಬಿಚ್ಚಬೇಕು, ಗಾಜಿನ ಕೆಳಗಿನ ಕೌಲ್ ಅನ್ನೋ ಮುಚ್ಚಳ ತೆಗೆಯಬೇಕು. ಅಷ್ಟು ಯಾರು ಮಾಡ್ತಾರೆ? ಅಲ್ಲೇ ನನಗೆ ಧೈರ್ಯ ಬಂತು. ಟೆಸ್ಟ್ ಡ್ರೈವ್‌ನಲ್ಲಿ ಹಿಂದಿನ ಪ್ಲಗ್ಗೇ ಹೋಗಿದೆ ಅಂತ ಕಿವಿಯಲ್ಲೇ ಖಚಿತ ಮಾಡಿಕೊಳ್ಳುವ ಒಂದು ವಿಧಾನ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ, ಇನ್ನೊಂದು ಕಾರು ತಗೊಳ್ಳುವ ಯೋಚನೆ ಇದೆ. ಒಂದು ಮೂವತ್ತೆಂಟಕ್ಕೆ ಮಾತು ಮುಗಿಯಿತು. ಬಾಕಿ ಇದ್ದ ಸಾವಿರದ ಐನೂರು ದಂಡವನ್ನೂ ಅವರೇ ಕಟ್ಟಿದರು. ಕಾರು ಹೆಸರಿಗೆ ಮಾಡಿಸುವ ಫಾರಂ 29, 30 ಅದೇ ದಿನ ಸಹಿ.

ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೌಲ್ ಬಿಚ್ಚಿದೆ. ಕೆಳಗೆ ಒಣಗಿದ ಹೊಂಗೆ ಎಲೆ ಒಂದು ಬೊಗಸೆ. ಹಿಂದಿನ ಕಾಯಿಲ್‌ಗಳ (ಪ್ಲಗ್ಗಿಗೆ ಕರೆಂಟ್ ಕೊಡುವ ಭಾಗ, ಒಂದೊಂದು ಪ್ಲಗ್ಗಿಗೆ ಒಂದೊಂದು) ಬೋಲ್ಟಿನ ತಲೆ ಮೇಲೆ ಬಿಳಿ ಪೌಡರ್ ಕಟ್ಟಿತ್ತು, ಒಂದರ ಮೇಲೂ ಸ್ಪ್ಯಾನರ್ ಮುಟ್ಟಿದ ಗುರುತಿಲ್ಲ. ಮೊದಲನೇ ಪ್ಲಗ್ ತಿರುಗುವಾಗ ಕಿರ್ ಅಂತ ಒಂದು ಶಬ್ದ ಬಂತು. ಅಲ್ಯೂಮಿನಿಯಂ ಹೆಡ್, ಥ್ರೆಡ್ ಹೋದರೆ ಕಥೆ ಮುಗಿಯಿತು. ಕಾಲು ಸುತ್ತು ಬಿಚ್ಚುವುದು, ಎಣ್ಣೆ ಸ್ಪ್ರೇ ಹೊಡೆಯುವುದು, ಮತ್ತೆ ಬಿಗಿ ಮಾಡುವುದು, ಮತ್ತೆ ಬಿಚ್ಚುವುದು, ಹೀಗೇ ಒಂದೊಂದಕ್ಕೆ ಇಪ್ಪತ್ತು ನಿಮಿಷ. ಹೊರಗೆ ಬಂದ ಪ್ಲಗ್ಗಿನ ತುದಿ ಸವೆದು ಬೆಂಕಿಕಡ್ಡಿಯ ಸುಟ್ಟ ತುದಿ ಥರ ಮೊಂಡಾಗಿತ್ತು. ಹದಿನಾರು ವರ್ಷ ಅವನ್ನು ಯಾರೂ ಮುಟ್ಟಿರಲಿಲ್ಲ. ಹೊಸದನ್ನು ಕೂರಿಸುವಾಗ ಹಳೇ ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಬೆರಳಿನಲ್ಲೇ ತಿರುಗಿಸಿ. ಥ್ರೆಡ್ ಅಡ್ಡ ಹೋದರೆ ಪೈಪ್ ಜಾರುತ್ತೆ, ಹೆಡ್ ಉಳಿಯುತ್ತೆ.

ಎಂಟೂ ಹೊಸ ಪ್ಲಗ್ ಹಾಕಿ ರಿಂಗ್ ರೋಡಿಗೆ ಹೋದೆ. ಎಳೆತ ಬಂತು. ಜರ್ಕ್ ಮುಕ್ಕಾಲು ಭಾಗ ಹೋಯಿತು, ಪೂರ್ತಿ ಹೋಗಲಿಲ್ಲ. ಇಲ್ಲಿಂದ ನಾನು ದುಡ್ಡು ಕಳೆದುಕೊಂಡೆ. ಮೆಕ್ಯಾನಿಕ್ ಒಬ್ಬರು ಪೆಟ್ರೋಲ್ ಪಂಪ್ ಅಂದರು. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಒಂದು ಪಂಪ್ ತರಿಸಿ ಹಾಕಿಸಿದ್ದಕ್ಕೆ ನಾಲ್ಕೂವರೆ ಸಾವಿರ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿದೆ, ಐಡ್ಲಿಂಗ್ ಚೆನ್ನಾಯಿತು, ಜರ್ಕ್ ಹಾಗೇ ಇತ್ತು.

ಆಮೇಲೆ ಕೂತು ಯೋಚನೆ ಮಾಡಿದೆ. ಸಿಲಿಂಡರಿಗೆ ಎರಡು ಪ್ಲಗ್ ಇರುವುದರಿಂದ ಒಂದು ಸತ್ತರೂ ಇನ್ನೊಂದು ಕೆಲಸ ಮಾಡುತ್ತಲೇ ಇರುತ್ತೆ. ಇಂಜಿನ್ ನಿಲ್ಲಲ್ಲ, ಸುಮ್ನೆ ಶಕ್ತಿ ಕಮ್ಮಿ ಆಗುತ್ತೆ. ಅದಕ್ಕೇ ಯಾರಿಗೂ ಸಿಕ್ಕಿಬೀಳಲ್ಲ. ಹಾಗಾದ್ರೆ ಒಳ್ಳೆಯದನ್ನು ಆಫ್ ಮಾಡಿ ನೋಡಬೇಕು. ಐಡ್ಲಿಂಗ್‌ನಲ್ಲಿ ಮುಂದಿನ ಕಾಯಿಲ್ ಕನೆಕ್ಟರನ್ನು ಒಂದೊಂದಾಗಿ ತೆಗೆದೆ, ಎರಡು ಮೂರು ಸೆಕೆಂಡ್ ಅಷ್ಟೇ. ಒಂದನೇ ಸಿಲಿಂಡರಿನಲ್ಲಿ ಏನೂ ಆಗಲಿಲ್ಲ, ಹಿಂದಿನದು ಸಂಭಾಳಿಸಿತು. ಎರಡನೆಯದು ತೆಗೆದ ತಕ್ಷಣ ಇಂಜಿನ್ ಗಡಗಡ ನಡುಗಿತು. ಅಂದ್ರೆ ಅಲ್ಲಿ ಹಿಂದಿನ ಕಾಯಿಲ್ ಸತ್ತಿದೆ. ನಾಲ್ಕನೆಯದೂ ಹಾಗೇ. ಸ್ಕ್ಯಾನರ್ ಇಲ್ಲದೆ ಹತ್ತು ನಿಮಿಷದಲ್ಲಿ ಹಿಡಿದ ಕೆಲಸ ಇದು. ಮೂರು ಗ್ಯಾರೇಜಿನಲ್ಲಿ ಸಿಗದೇ ಇದ್ದದ್ದು.

ಕಾಯಿಲ್ ತರುವಾಗ ಮತ್ತೆ ಎಡವಿದೆ. ಬೆಂಗಳೂರಿನ ಜೆ.ಸಿ. ರೋಡಿಗೆ ರೈಲಿನಲ್ಲಿ ಹೋಗಿ ಎರಡು ತಂದೆ, ಮನೆಗೆ ಬಂದು ನೋಡಿದರೆ ಮುಂದಿನ ಕಾಯಿಲ್. ಮುಂದಿನದು ಬೇರೆ, ಹಿಂದಿನದು ಬೇರೆ, ಅಂಗಡಿಯಲ್ಲಿ ಕೇಳಿದಾಗ ಎಲ್ಲಾ ಒಂದೇ ಅಂದಿದ್ದರು. ಹಳೇ ಪೀಸ್ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಎರಡನೇ ಸಲ ದುಡ್ಡು ಉಳಿಸೋಣ ಅಂತ ಗುಜರಿಯಲ್ಲಿ ತಲಾ ಎಂಟುನೂರಕ್ಕೆ ಎರಡು ತಗೊಂಡೆ. ಮೂರು ವಾರ ಚೆನ್ನಾಗಿ ಓಡಿತು. ಆಮೇಲೆ ಒಂದು ರಾತ್ರಿ ಬಂಡಿಪಾಳ್ಯ ಎಪಿಎಂಸಿ ಹತ್ತಿರ, ಜೋರು ಮಳೆ, ಒಂದು ಕಾಯಿಲ್ ಒಳಗೇ ಶಾರ್ಟ್ ಆಗಿ ಫ್ಯೂಸ್ ಹಾರಿಸಿತು, ಗಾಡಿ ನಿಂತೇ ಹೋಯಿತು. ತರಕಾರಿ ಲಾರಿಯವರು ಟಾರ್ಚ್ ಹಿಡಿದರು. ಆ ಕಾಯಿಲ್ ಕಿತ್ತು ಪಕ್ಕಕ್ಕಿಟ್ಟು, ಫ್ಯೂಸ್ ಹಾಕಿ, ಏಳೇ ಪ್ಲಗ್ಗಿನಲ್ಲಿ ಮನೆಗೆ ಬಂದೆವು. ಎಂಟು ಪ್ಲಗ್ಗಿನ ಲಾಭ ಅವತ್ತು ಗೊತ್ತಾಯಿತು. ಮಾರನೇ ವಾರ ಹೊಸ ಕಾಯಿಲ್ ಎರಡು, ಒಂದೊಂದಕ್ಕೆ ಹತ್ತಿರ ಮೂರು ಸಾವಿರ. ಆಮೇಲೆ ಜರ್ಕ್ ಅನ್ನೋ ಮಾತೇ ಇಲ್ಲ.

ಉಳಿದ ರಿಪೇರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಇಂಜಿನ್ ಮೌಂಟ್ ಆರು ಸಾವಿರ, ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಮುಂದಿನ ಶಾಕ್ ಸೇರಿ ಹದಿನೈದು, ಟೈರ್ ನಾಲ್ಕಕ್ಕೆ ಹದಿನಾರೂವರೆ, ಎಸಿ ಕಂಡೆನ್ಸರ್ ಮತ್ತು ಗ್ಯಾಸ್ ಒಂಬತ್ತು, ಬ್ಯಾಟರಿ ನಾಲ್ಕೂವರೆ. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಖರ್ಚಿಲ್ಲ. ಟ್ಯಾಪೆಟ್ (ವಾಲ್ವಿನ ಸಂದು) ಮಾತ್ರ ಸೆಟ್ ಮಾಡಿಸಿ, ಇದನ್ನೂ ಯಾರೂ ಮಾಡಿಸಲ್ಲ. ಹೊಲಿಗೆ ಮೆಷಿನ್ ಥರ ಟಕಟಕ ಅನ್ನುತ್ತಿದ್ದದ್ದು ನಿಂತಿತು.

ಇನ್ನು ಕ್ಲೀನಿಂಗ್. ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಇದೇ. ನಾಲ್ಕೂ ಸೀಟ್ ಬೆಲ್ಟ್, ಎಲ್ಲಾ ಸೀಟು, ಕಾರ್ಪೆಟ್ ಹೊರಗೆ ತೆಗೆದು ಟೆರೇಸಿಗೆ ಸಾಗಿಸಿದೆ. ಸೀಟಿನ ಕೆಳಗೆ ನಂಜುಂಡೇಶ್ವರನ ವಿಭೂತಿ ಪೊಟ್ಟಣ, ನಾಲ್ಕಾಣೆ ನಾಣ್ಯ ಆರು, ಮಗುವಿನ ಒಂದು ಕಾಲ್ಗೆಜ್ಜೆ. ಗೆಜ್ಜೆ ಬೆಳ್ಳಿಯದು, ಆ ಮನೆಗೆ ವಾಪಸ್ ಕೊಟ್ಟು ಬಂದೆ. ಆ ಹುಡುಗಿ ಈಗ ಇಂಜಿನಿಯರಿಂಗ್ ಓದುತ್ತಿದ್ದಾಳಂತೆ.

ಅಂಗಡಿಯ ಶಾಂಪೂ ಎರಡು ಥರ ಹಾಕಿ ನೋಡಿದೆ, ನೊರೆ ಜಾಸ್ತಿ, ತೊಳೆದಷ್ಟೂ ಬರುತ್ತೆ. ಅಮ್ಮ ರೇಷ್ಮೆ ಸೀರೆಗೆ ಅಂಟುವಾಳ ಕಾಯಿ ಹಾಕುವುದು ನೆನಪಾಯಿತು. ಕಾಲು ಕೆಜಿ ಅಂಟುವಾಳ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮೃದು ಬ್ರಷ್‌ನಲ್ಲಿ ಉಜ್ಜಿದೆ. ಸೀಟಿನ ಬಟ್ಟೆಯಿಂದ ಕಾಫಿ ಡಿಕಾಕ್ಷನ್ ಥರ ಕೊಳೆ ಇಳಿಯಿತು. ಬಣ್ಣ ಹೋಗಲಿಲ್ಲ. ಜೂನ್‌ನಲ್ಲಿ ಮಾತ್ರ ಮಾಡಬೇಡಿ, ಒಣಗಲ್ಲ. ನಾನು ಮಾಡಿದ್ದು ಫೆಬ್ರವರಿಯಲ್ಲಿ, ಎರಡು ದಿನದ ಬಿಸಿಲು ಸಾಕಾಯಿತು. ಅದೇ ಉತ್ಸಾಹದಲ್ಲಿ ಮೇಲಿನ ರೂಫ್ ಬಟ್ಟೆಗೂ ಹಚ್ಚಿದ್ದು ತಪ್ಪಾಯಿತು. ಅಂಟು ಬಿಟ್ಟು ಹಿಂದಿನ ಅರ್ಧ ಜೋತುಬಿತ್ತು. ಹೊಸದಾಗಿ ಅಂಟಿಸಲು ಎರಡು ಸಾವಿರದ ಎಂಟುನೂರು. ರೂಫಿಗೆ ಒದ್ದೆ ಬಟ್ಟೆ ಹಿಂಡಿ ಒರೆಸಿ, ಅಷ್ಟೇ.

ಹೆಡ್‌ಲೈಟ್ ಹಳದಿ ತೆಗೆಯಲು ಟೂತ್‌ಪೇಸ್ಟ್ ಹಚ್ಚಿದ್ದು ಎರಡು ವಾರ ಬಂತು. ಆಮೇಲೆ 800, 1500, 2000 ನಂಬರಿನ ವಾಟರ್ ಪೇಪರ್, ಪಾಲಿಶ್. ಕೊನೆಗೆ ಹಚ್ಚಿದ್ದು ಏನು ಅನ್ನೋದು ನನ್ನಲ್ಲೇ ಇರಲಿ. ಹದಿನಾಲ್ಕು ತಿಂಗಳಾಯಿತು, ಇನ್ನೂ ಗಾಜಿನ ಥರ ಇದೆ.

ಮೈಲೇಜನ್ನು ಫುಲ್ ಟ್ಯಾಂಕ್ ಲೆಕ್ಕದಲ್ಲೇ ನೋಡುತ್ತೇನೆ. ಮೊದಲು ಹತ್ತರ ಒಳಗೆ, ಪ್ಲಗ್ ಆದ ಮೇಲೆ ಹದಿನಾಲ್ಕು, ಕಾಯಿಲ್ ಮತ್ತು ಟ್ಯಾಪೆಟ್ ಆದ ಮೇಲೆ ಹದಿನೇಳು, ಹದಿನೇಳೂವರೆ. ಈಗ ಎಲ್ಲಾ ಕಡೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಪೆಟ್ರೋಲ್ ಬಂದ ಮೇಲೆ ಹದಿನಾರರ ಆಸುಪಾಸು. ಈ ಕಾರು ಆ ಪೆಟ್ರೋಲ್‌ಗೆ ಅಂತ ಮಾಡಿದ್ದಲ್ಲ. ಬಾನೆಟ್ ಒಳಗಿನ ರಬ್ಬರ್ ಪೈಪುಗಳನ್ನು ಮುಂಚೆಯೇ ಬದಲಾಯಿಸಿದೆ, ನಾನೂರು ರೂಪಾಯಿ ಇರಬಹುದು. ಟ್ಯಾಂಕ್ ಖಾಲಿ ಇಟ್ಟು ದಿನಗಟ್ಟಲೆ ನಿಲ್ಲಿಸುವುದಿಲ್ಲ. ಇಲ್ಲಿಯವರೆಗೆ ಸೋರಿಕೆ ಇಲ್ಲ.

ಒಟ್ಟು ಲೆಕ್ಕ: ಕಾರು ಒಂದು ಮೂವತ್ತೆಂಟು. ರಿಪೇರಿ, ಕ್ಲೀನಿಂಗ್, ದಂಡವಾದ ಪಂಪ್, ಕಾಯಿಲ್ ಎಲ್ಲಾ ಸೇರಿ ಎಂಬತ್ತು ಸಾವಿರದ ಹತ್ತಿರ. ಎರಡು ಲಕ್ಷದ ಗೆರೆ ದಾಟಿತು, ಒಪ್ಪುತ್ತೇನೆ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ವರ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆ. ಎರಡು ವರ್ಷದ ಕಂತು ಕಟ್ಟಿದ್ದರೆ ಇಷ್ಟೇ ಹೋಗಿರುತ್ತಿತ್ತು, ಇನ್ನೂ ಐದು ವರ್ಷ ಬಾಕಿ ಇರುತ್ತಿತ್ತು. ಪೆಟ್ರೋಲ್ ಮೂರು ಜನ ಹಂಚಿಕೊಂಡರೆ ನನ್ನ ಪಾಲು ತಿಂಗಳಿಗೆ ಎರಡೂವರೆ, ಎರಡು ಮುಕ್ಕಾಲು ಸಾವಿರ.

ಗೇರ್‌ಬಾಕ್ಸ್ ಹೋಗಿದೆ ಅಂದಿದ್ದ ಮೆಕ್ಯಾನಿಕ್ ಹೋದ ತಿಂಗಳು ಫೋನ್ ಮಾಡಿದ್ದರು. ಅವರ ಹತ್ತಿರ ಒಂದು ಬೆಳ್ಳಿ ಬಣ್ಣದ ಐ-ಡಿಎಸ್‌ಐ ಬಂದಿತ್ತು, ಜರ್ಕ್. ಹೋಗಿ ಕನೆಕ್ಟರ್ ತೆಗೆದು ತೋರಿಸಿದೆ. ಮೂರನೇ ಸಿಲಿಂಡರ್, ಹಿಂದಿನ ಕಾಯಿಲ್.

2027ರಲ್ಲಿ ಮತ್ತೆ ಎಫ್‌ಸಿ ಇದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣದ ಫೀಸು ಹತ್ತು ಸಾವಿರ ಮಾಡಿದ್ದಾರೆ, ಅದಕ್ಕೆ ಈಗಿನಿಂದಲೇ ತಿಂಗಳಿಗೆ ಐನೂರು ಎತ್ತಿಡುತ್ತಿದ್ದೇನೆ. ಅಷ್ಟರಲ್ಲಿ ರೂಫಿನ ಪೇಂಟ್ ಮಾಡಿಸಬೇಕು, ಎಡಗಡೆ ಹಿಂದಿನ ಬಾಗಿಲಿನ ರಬ್ಬರ್ ಹಾಕಿಸಬೇಕು, ಮಳೆ ಜೋರಾದರೆ ಅಲ್ಲಿಂದ ಎರಡು ಹನಿ ಬರುತ್ತೆ.