ತವರಿಗೆ ಹೊರಡುವ ಮುನ್ನ ಮಗುವಿನ ಹಿಮ್ಮಡಿ ರಕ್ತದ ಮಾತು

ಡೊಂಬಿವಲಿ, ಮುಲುಂಡ್, ಮಾಟುಂಗಾದ ಕನ್ನಡದ ಮನೆಗಳಲ್ಲಿ ಏಳನೇ ತಿಂಗಳಿಗೆ ಸೀಮಂತ, ಆಮೇಲೆ ಉಡುಪಿಗೋ ಧಾರವಾಡಕ್ಕೋ ರೈಲು. ಹಳೇ ಸೀರೆ, ಟವೆಲು, ಆಸ್ಪತ್ರೆ ಫೈಲು ಎಲ್ಲ ಚೀಲ ಸೇರುತ್ತವೆ. ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳನ್ನು ಲಕ್ಷಣ ಕಾಣುವ ಮೊದಲೇ ಹಿಡಿಯಲು ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಅದನ್ನು ಯಾರು, ಯಾವಾಗ ತೆಗೆಯುತ್ತಾರೆ ಎಂಬುದು ಮಾತ್ರ ಯಾರ ತಲೆಯಲ್ಲೂ ಇರುವುದಿಲ್ಲ. ಇದನ್ನು 28ರಿಂದ 32ನೇ ವಾರದ ತಪಾಸಣೆಯಲ್ಲೇ ಕೇಳಿ ಮುಗಿಸಬೇಕು. ಹೆರಿಗೆಯಾದ ಮೇಲೆ ಕೇಳುವ ವ್ಯವಧಾನ ಯಾರಿಗಿರುತ್ತದೆ?

ಐದನೇ ತಿಂಗಳ ಸ್ಕ್ಯಾನ್, ಬಸುರಿಯಲ್ಲಿ ಮಾಡುವ ಡಬಲ್ ಮಾರ್ಕರ್ ರಕ್ತಪರೀಕ್ಷೆ, ತಾಯಿಯ ಥೈರಾಯ್ಡ್ ಪರೀಕ್ಷೆ ಯಾವುದೂ ಇದಕ್ಕೆ ಬದಲಿಯಲ್ಲ. ಥೈರಾಯ್ಡ್ ಕೊರತೆಯ ಮಗು ಹುಟ್ಟಿದಾಗ ನೋಡಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಲಕ್ಷಣ ಕಾಣುವ ಹೊತ್ತಿಗೆ ಮಿದುಳಿಗೆ ಪೆಟ್ಟು ಬಿದ್ದಿರಬಹುದು. ಥೈರಾಯ್ಡ್ ಮಾತ್ರೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು.

ಡಾಕ್ಟರನ್ನು ಕೇಳಬೇಕಾದ್ದು: ಯಾವ ಯಾವ ಕಾಯಿಲೆ ನೋಡುತ್ತೀರಿ? ಥೈರಾಯ್ಡ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ದೋಷ, ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಯುವ ಕಿಣ್ವದ ಕೊರತೆ) ಈ ಮೂರಾದರೂ ಇರಲಿ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗಿದ್ದರೆ, ಹಿಂದೆ ಕಾರಣ ತಿಳಿಯದೆ ಕೂಸು ಹೋಗಿದ್ದರೆ ಮುಚ್ಚಿಡದೆ ಹೇಳಿ, ಪಟ್ಟಿ ಉದ್ದವಾಗಬಹುದು. ಹೆರಿಗೆ ಊರಲ್ಲಾದರೆ ಇದೇ ಪ್ರಶ್ನೆ ಅಲ್ಲಿನ ಆಸ್ಪತ್ರೆಗೂ. ಮುಂಬೈಯಲ್ಲೇ ಆದರೆ ಸಿಸ್ಟರಿಗೆ ಮರಾಠಿಯಲ್ಲಿ ಒಂದು ಮಾತು ಸಾಕು: ‘ಬಾಳಾಚ್ಯಾ ಟಾಚೇತಲಂ ರಕ್ತ ಘೇತಲಂ ಕಾ?’ (ಮಗುವಿನ ಹಿಮ್ಮಡಿಯ ರಕ್ತ ತೆಗೆದಿರಾ?)

ರಕ್ತ ತೆಗೆಯಲು ಸರಿಯಾದ ಸಮಯ ಹುಟ್ಟಿ 48ರಿಂದ 72 ಗಂಟೆ. ಮೊದಲ ದಿನ ಎಲ್ಲ ಮಕ್ಕಳಲ್ಲೂ ಥೈರಾಯ್ಡ್ ಪರೀಕ್ಷೆಯಲ್ಲಿ ಅಳೆಯುವ ಹಾರ್ಮೋನು ಟಿಎಸ್‌ಎಚ್ ಏರಿರುವುದರಿಂದ ಆಗ ತೆಗೆದರೆ ಸುಳ್ಳು ಗಾಬರಿ. ಬೇಗ ಡಿಸ್ಚಾರ್ಜ್ ಮಾಡುತ್ತಾರಾದರೆ ಹೋಗುವ ಮುನ್ನ ತೆಗೆಸಿ, ಮರುಪರೀಕ್ಷೆಯ ತಾರೀಕು ಬರೆಸಿಕೊಳ್ಳಿ. ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ ಅದಕ್ಕೂ ಮೊದಲೇ ಹನಿ ತೆಗೆಯಬೇಕು.

ಹಿಮ್ಮಡಿಯನ್ನು ಬೆಚ್ಚಗೆ ಮಾಡಿ, ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚುತ್ತಾರೆ. ಆಗ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆ. ಮೊದಲ ಹನಿ ಒರೆಸಿ, ಮುಂದಿನ ದಪ್ಪ ಹನಿಯಿಂದ ಲ್ಯಾಬಿಗೆ ಕಳಿಸುವ ಹೀರುಕಾಗದದ ಕಾರ್ಡಿನ ಒಂದು ವೃತ್ತ ಒಂದೇ ಸಲಕ್ಕೆ ತುಂಬಿ ಹಿಂಬದಿಗೂ ಇಳಿಯಬೇಕು. ಹನಿಯ ಮೇಲೆ ಹನಿ ಹಾಕಿದರೆ ಲ್ಯಾಬ್ ವಾಪಸ್ ಕಳಿಸುತ್ತದೆ. ಕಾರ್ಡ್ ಮಟ್ಟಸವಾಗಿ, ಬಿಸಿಲು ತಾಗದೆ ಮೂರು-ನಾಲ್ಕು ಗಂಟೆ ಒಣಗಬೇಕು. ಮುಂಬೈ ಮಳೆಗಾಲದಲ್ಲಿ ಇಲ್ಲೇ ಎಡವಟ್ಟು: ತೇವಕ್ಕೂ ಸೆಕೆಗೂ ಜಿ6ಪಿಡಿ ಕಿಣ್ವ ಕುಂದಿ, ಇಲ್ಲದ ಕೊರತೆ ವರದಿಯಲ್ಲಿ ಕಾಣಿಸಬಹುದು.

ಕಾರ್ಡಿನ ಮೇಲೆ ಬರೆಸುವ ಫೋನ್ ನಂಬರು ಮಗುವಿನ ಹತ್ತಿರ ಇರುವವರದ್ದಾಗಿರಲಿ. ಲೋಕಲ್‌ನಲ್ಲಿ ನೇತಾಡುತ್ತಿರುವ ಅಪ್ಪನದ್ದು ಎರಡನೆಯದಾಗಿ ಸಾಕು. ವಾರದಲ್ಲಿ ಕರೆ ಬಾರದಿದ್ದರೆ ನೀವೇ ವಿಚಾರಿಸಿ. ಸುಮ್ಮನಿದ್ದಾರೆ ಎಂದರೆ ಎಲ್ಲ ಸರಿಯಿದೆ ಎಂದಲ್ಲ.

‘ಪಾಸಿಟಿವ್’ ಎಂದರೆ ಕಾಯಿಲೆ ಇದೆಯೆಂದೂ ಅಲ್ಲ. ರಕ್ತನಾಳದಿಂದ ಮತ್ತೆ ರಕ್ತ ತೆಗೆದು ಖಚಿತಪಡಿಸುತ್ತಾರೆ. ಥೈರಾಯ್ಡ್ ಖಚಿತವಾದರೆ ಮಾತ್ರೆ ಪುಡಿಮಾಡಿ ಚಮಚದಲ್ಲಿ ನಾಲ್ಕು ಹನಿ ಎದೆಹಾಲಿನ ಜೊತೆ ಕೊಡುವುದು; ಬಾಟಲಿಗೆ ಬೆರೆಸಿದರೆ ಅರ್ಧ ಅಲ್ಲೇ ಉಳಿಯುತ್ತದೆ. ಅಡ್ರಿನಲ್ ದೋಷದಲ್ಲಿ ಮಾತ್ರ ವರದಿಗೆ ಕಾಯುತ್ತ ಕೂರಬಾರದು. ಮೊದಲ ಮೂರು ವಾರದಲ್ಲಿ ಮಗು ಪದೇ ಪದೇ ವಾಂತಿ ಮಾಡಿ, ಹಾಲು ಬಿಟ್ಟು, ಸೊರಗಿದರೆ ಆ ಕ್ಷಣವೇ ಆಸ್ಪತ್ರೆಗೆ. ಗಂಡುಮಕ್ಕಳಲ್ಲಿ ಈ ದೋಷಕ್ಕೆ ಹೊರಗೆ ಸಾಮಾನ್ಯವಾಗಿ ಯಾವ ಗುರುತೂ ಕಾಣದು.

ಜಿ6ಪಿಡಿ ವರದಿ ಕೈಗೆ ಬರುವವರೆಗೆ ಟ್ರಂಕಿನಲ್ಲಿ ನುಸಿಗುಳಿಗೆ (ನ್ಯಾಫ್ತಲೀನ್) ಹಾಕಿಟ್ಟ ಸೀರೆಯನ್ನು ತೊಟ್ಟಿಲಿಗೆ ಕಟ್ಟಬೇಡಿ. ಆ ವಾಸನೆಯೇ ಕೊರತೆಯಿರುವ ಮಗುವಿನ ರಕ್ತಕಣ ಒಡೆದು ಕಾಮಾಲೆ ಏರಿಸಬಲ್ಲದು. ಅಜ್ಜಿಗೆ ಇದನ್ನು ಈಗಲೇ ಫೋನಿನಲ್ಲಿ ಹೇಳಿಡಿ.